ಮಣ್ಣಿನ ಗೋಡೆಯ ಗೂಡು

ದೀಪ ಇಡಲೆಂದು ಗೋಡೆಯಲ್ಲಿ ಕೊರೆಸಿದ್ದ ಗೂಡನ್ನು ಕಂಡದ್ದೇ ತಡ, ಹೊಸ ಮನೆಯೊಳಗೆ ಕಾಲಿಟ್ಟ ಅವ್ವ ಅಲ್ಲೇ ನಿಂತುಬಿಟ್ಟಳು.

ಗಡಹಿಂಗ್ಲಜದ ಹತ್ತಿರ ನಮ್ಮ ಹೊಲದ ದಿಬ್ಬವನ್ನು ಕೊರೆದು, ಮೂರು ಕಡೆ ಮಣ್ಣು, ಮೇಲೂ ಮಣ್ಣು, ಮುಂದಷ್ಟೇ ಬಾಗಿಲು ಇರುವಂತೆ ನಾನೇ ನಕ್ಷೆ ಹಾಕಿ ಕಟ್ಟಿಸಿದ ಮನೆ ಅದು. ಶಿರೋಳಿಯ ಫೌಂಡ್ರಿಯಲ್ಲಿ ದಿನವಿಡೀ ಬೆಂಕಿಯ ಮುಂದೆ ಬೇಯುವ ನನಗೂ, ತಗಡಿನ ಮನೆಯಲ್ಲಿ ಬೇಸಿಗೆ ಬಂತೆಂದರೆ ತಲೆ ಸುತ್ತಿ ಬೀಳುವ ಅವ್ವನಿಗೂ ತಂಪು ಬೇಕಿತ್ತು.

ಅವ್ವ ಗೂಡಿನೊಳಗೆ ಕೈಯಾಡಿಸಿದಳು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕುಣಿಯ ಒಂದು ಪಕ್ಕಕ್ಕೆ ಇಂಥದೇ ಗೂಡು ಕೊರೆದು ಅದರಲ್ಲಿ ಕೂಡಿಸುತ್ತೇವೆ. ಅಪ್ಪನನ್ನು ಕೂಡಿಸಿದ್ದೂ ಇದೇ ಹೊಲದಲ್ಲಿ. ನಕ್ಷೆ ಹಾಕುವಾಗ ನನಗದು ಹೊಳೆದಿರಲೇ ಇಲ್ಲ.

“ತಂಪು ಭಾಳ ಐತಿ, ಖರೇ. ಸತ್ತ ಮ್ಯಾಲೆ ಹೆಂಗೂ ಇಂಥಾದ್ರಾಗ ಕೂಡ್ರೂದ ಐತಲ್ಲೋ, ಈಗ್ಯಾಕ ಕರಕೊಂಡ ಬಂದಿ?” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಗೂಡು ಮುಚ್ಚಿಸ್ತೇನಿ ಬೇ, ಒಳಗ ಬಾ,” ಅಂದೆ. ಸೆರಗಿನಿಂದ ಕೈಯ ಮಣ್ಣು ಒರೆಸಿಕೊಳ್ಳುತ್ತ ಹೊರಗೆ ಹೋದವಳು ತಿರುಗಿ ಬರಲಿಲ್ಲ.

ಅವ್ವ ಈಗಲೂ ತಗಡಿನ ಕೆಳಗೇ ಬೇಯುತ್ತಿದ್ದಾಳೆ. ಹೊಸ ಮನೆಯಲ್ಲಿ ದನದ ಮೇವು ಒಟ್ಟಿದ್ದೇವೆ. ಅವಳಿಗೆ ಹೇಳಿದ ಹಾಗೆ ನಾನೇ ಆ ಗೂಡಿಗೆ ಕಲ್ಲು ಇಟ್ಟು, ಮಣ್ಣು ಮೆತ್ತಿ ಮುಚ್ಚಿದೆ. ಅಪ್ಪನ ಗೂಡಿನ ಬಾಯಿಯನ್ನೂ ಹೀಗೇ ಮುಚ್ಚಿದ್ದೆ. ಅಂದಿನಿಂದ ಆ ಮನೆಯೊಳಗೆ ನನಗೂ ಕೂಡಲಾಗುತ್ತಿಲ್ಲ.