ಪಂಪ್‌ಹೌಸಿನ ರಜಾಕ್ ಸಾಬರ ಹಾಜರಿ

ಹರಿಹರದ ಹೊಳೆದಂಡೆಯ ಪಂಪ್‌ಹೌಸಿನಲ್ಲಿ ರಜಾಕ್ ಸಾಬರು ಅರ್ಧ ಆಯುಷ್ಯ ಸವೆಸಿದರು. ಗುತ್ತಿಗೆ ಹಿಡಿದ ಕಂಪನಿಗಳು ಬಂದವು, ಹೋದವು. ಇವರು ಮಾತ್ರ ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು ಅಲ್ಲೇ ಉಳಿದರು. ಮೋಟಾರು ಹಟ ಮಾಡಿದರೆ ಮಗುವನ್ನು ಗದರಿಸುವ ಹಾಗೆ ಗದರಿಸುತ್ತಿದ್ದರು. "ಅದಕ್ಕೇನು ಕಿವಿ ಐತೇನ್ರಿ ಸಾಬ್ರೇ?" ಎಂದು ನಾವು ಆಫೀಸಿನವರು ಕಿಚಾಯಿಸಿದರೆ, "ನಿಮ್ಮ ಮ್ಯಾನೇಜರ್‌ಗಿಂತ ಚಲೋ ಮಾತು ಕೇಳತೈತ್ರಿ" ಎನ್ನುತ್ತಿದ್ದರು.

ಆ ಮ್ಯಾನೇಜರು ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಆಫೀಸಿನಲ್ಲಿ ಎ.ಸಿ. ಕೆಳಗೆ ಕೂರುವ ಮಹಾನುಭಾವ. ನಾನು ಅಲ್ಲಿ ಬಿಲ್ಲು ನೋಡುವವಳು. ಪಕ್ಕದ ಮೇಜಿನ ಶಾಹಿಸ್ತಾ, ರಜಾಕ್ ಸಾಬರ ಒಬ್ಬಳೇ ಮಗಳು, ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಳು. ಪ್ರತಿ ಪಂಪ್‌ಹೌಸಿನಲ್ಲೂ ಒಂದು ಕಂಪ್ಯೂಟರು ಇದೆ. ಅದರಲ್ಲಿನ ಪ್ರೋಗ್ರಾಂ, ಪಂಪು ಶುರುವಾಯಿತು, ನಿಂತಿತು, ಬಿಸಿಯಾಯಿತು ಎಂದು ಒಂದೊಂದೇ ಸಾಲನ್ನು ನೆಟ್‌ವರ್ಕಿನಲ್ಲಿ ನಮ್ಮಲ್ಲಿಗೆ ಕಳಿಸುತ್ತದೆ. ಇಲ್ಲಿನ ಲಾಗ್ ಸರ್ವರ್ ಬಂದದ್ದನ್ನೆಲ್ಲ ಬರೆದಿಡುತ್ತದೆ. ಕಳಿಸಿದವರು ಯಾರು, ನಿಜವೋ ಸುಳ್ಳೋ ಎಂದು ವಿಚಾರಿಸುವ ಗೋಜಿಗೆ ಅದು ಹೋಗುವುದಿಲ್ಲ.

ಮ್ಯಾನೇಜರಿಗೆ ಅಷ್ಟು ಸಾಲಲಿಲ್ಲ. ಆಪರೇಟರುಗಳು ನಿದ್ದೆ ಹೊಡೆಯುತ್ತಾರೆಂದು ಅವನ ಅನುಮಾನ. ಅರ್ಧ ಗಂಟೆಗೊಮ್ಮೆ ಅವರು ಕಂಪ್ಯೂಟರಿನ ಗುಂಡಿ ಒತ್ತಬೇಕು, 'ಆಪರೇಟರ್ ಹಾಜರ್' ಎಂಬ ಸಾಲು ಇಲ್ಲಿಗೆ ಬರಬೇಕು, ಬರದಿದ್ದರೆ ಇಲ್ಲಿ ಸೈರನ್ ಹೊಡೆದುಕೊಳ್ಳಬೇಕು ಎಂದು ಹುಕುಂ ಮಾಡಿದ. ಹರಿಹರದಲ್ಲಿ ಮೋಟಾರು ಕೆಳಗೆ, ಕಂಪ್ಯೂಟರು ಮಹಡಿಯ ಮೇಲೆ. ರಜಾಕ್ ಸಾಬರ ಮಂಡಿ ಆಗಲೇ ಸವೆದಿತ್ತು. ಮನೆಗೆ ಬಂದ ಮೇಲೆ ಹೆಂಡತಿ ಹಜೀರಾಬೀ ಎಣ್ಣೆ ತಿಕ್ಕುವಾಗ ಹಲ್ಲು ಕಚ್ಚಿ ಕೂರುತ್ತಿದ್ದರಂತೆ. ಆ ಹಾಳು ಹುಕುಮಿಗೆ ನಾನು ಹಾಕದ ಶಾಪವಿಲ್ಲ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಶಾಹಿಸ್ತಾಗೆ ಅಪ್ಪನ ಸಂಕಟ ನೋಡಲಾಗಲಿಲ್ಲ. ಯಾರಿಗೂ ಹೇಳದೆ, ಆಫೀಸಿನಿಂದಲೇ ಆ ಕಂಪ್ಯೂಟರಿಗೆ ಒಂದು ಸಣ್ಣ ಪ್ರೋಗ್ರಾಂ ಹಾಕಿದಳು. ಯಾರೂ ಗುಂಡಿ ಒತ್ತದಿದ್ದರೂ ಅದೇ 'ಹಾಜರ್' ಎಂದು ಕಳಿಸುತ್ತಿತ್ತು. "ಅಬ್ಬಾ, ಇನ್ಮ್ಯಾಲೆ ಮೆಟ್ಲು ಹತ್ತೋದು ಬ್ಯಾಡ. ಕೆಳಗೇ ಆರಾಮ ಕೂಡ್ರಿ" ಎಂದು ಅಪ್ಪನಿಗೆ ಹೇಳಿದಳಂತೆ. ಅವರು ಮಗಳ ತಲೆ ಸವರಿದರಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಒಂದು ದಿನ ಸಂಜೆ ಇನ್ನೊಬ್ಬ ಆಪರೇಟರ್ ಉಚ್ಚಂಗೆಪ್ಪ ಮುಂದಿನ ಪಾಳಿಗೆಂದು ಪಂಪ್‌ಹೌಸಿಗೆ ಹೋದ. ರಜಾಕ್ ಸಾಬರು ಮೋಟಾರಿನ ಪಕ್ಕದಲ್ಲಿ ಬಿದ್ದಿದ್ದರು. ಮೈ ತಣ್ಣಗಾಗಿತ್ತು. ನಮ್ಮಲ್ಲಿ ಅಂದು ಸೈರನ್ ಹೊಡೆದುಕೊಂಡಿರಲಿಲ್ಲ. ಬೆಳಿಗ್ಗೆಯಿಂದ ಒಂದು ಸಾಲೂ ತಪ್ಪಿರಲಿಲ್ಲ.

ಮಣ್ಣು ಮಾಡಿದ ಮೇಲೆ ಮ್ಯಾನೇಜರ್ ಮನೆಗೆ ಬಂದು ಸಮಾಧಾನ ಹೇಳಿದ. "ಲಾಗ್ ನೋಡಿದೀನಿ ಅಮ್ಮಾ. ಸಂಜೆವರೆಗೂ ಡ್ಯೂಟಿ ಮಾಡಿದಾರೆ. ಕ್ಷಣದಲ್ಲಿ ಹೋಗಿಬಿಟ್ಟಿದಾರೆ." ಹಜೀರಾಬೀ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಬಂದವರಿಗೆಲ್ಲ, "ನರಳಲಿಲ್ರಿ ಅವ್ರು. ಸಂಜೀತನ ಚೆನ್ನಾಗೇ ಇದ್ರು, ನನ್ನ ಮಗಳು ಆಫೀಸಿನ ಕಂಪ್ಯೂಟರ್‌ನಾಗ ನೋಡ್ತಾನೇ ಇದ್ಲು" ಎಂದು ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಶಾಹಿಸ್ತಾ ಪ್ರತಿ ಸಲವೂ ಎದ್ದು ಒಳಗೆ ಹೋಗುತ್ತಿದ್ದಳು. ದುಃಖ ತಡೆಯಲಾರದೆ ಹೋಗುತ್ತಾಳೆ ಎಂದುಕೊಂಡೆವು.

ಮೂರನೇ ದಿನದ ಜಿಯಾರತ್ ಪ್ರಾರ್ಥನೆಗೆ ನಾನೂ ಉಚ್ಚಂಗೆಪ್ಪನೂ ಹೋದೆವು. ಅವನು ಚೀಲದಿಂದ ಊಟದ ಡಬ್ಬಿ ತೆಗೆದು ಹಜೀರಾಬೀ ಮುಂದೆ ಇಟ್ಟ. "ಅಲ್ಲೇ ಉಳಿದಿತ್ರಿ ಅಕ್ಕಾರೆ. ತೊಳದು ತಂದೀನಿ. ಪಾಪ, ಅವತ್ತು ಒಂದು ತುತ್ತೂ ಮುಟ್ಟಿರಲಿಲ್ಲ."

ಹಜೀರಾಬೀ ಡಬ್ಬಿಯನ್ನೇ ನೋಡಿದರು. "ಸಂಜೀತನ ಇದ್ರಲ್ಲ, ಮಧ್ಯಾಹ್ನ ಯಾಕ ಉಣ್ಣಲಿಲ್ಲ?" ಎಂದು ಮಗಳತ್ತ ತಿರುಗಿದರು.

ಶಾಹಿಸ್ತಾ ಬಾಗಿಲಿಗೆ ಒರಗಿ ನಿಂತಿದ್ದಳು. ಅಲ್ಲೇ ಕುಸಿದು ಕೂತು ಎಲ್ಲವನ್ನೂ ಹೇಳಿದಳು. ಸಾಲುಗಳನ್ನು ಕಳಿಸಿದ್ದು ಅಪ್ಪ ಅಲ್ಲ, ತಾನು ಬರೆದ ಪ್ರೋಗ್ರಾಂ ಎಂದಳು. ಅದಿಲ್ಲದಿದ್ದರೆ ಸೈರನ್ ಆಗುತ್ತಿತ್ತು, ಯಾರಾದರೂ ಓಡುತ್ತಿದ್ದರು ಎಂದು ನೆಲಕ್ಕೆ ಹಣೆ ಹಚ್ಚಿ ಅತ್ತಳು.

ತಾಯಿ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಆ ಹುಡುಗಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಮಗಳ ಬೆನ್ನ ಮೇಲೆ ಕೈಯಿಟ್ಟರು. ಮೆಲ್ಲಗೆ ಹೇಳಿದರು:

"ಬಿದ್ದಾಗ ನೀರು ಕೇಳಿದ್ರೇನೋ, ಬೇಟಿ."