ಟಾಪು ಹಿತ್ತಲಲ್ಲಿ, ಕಾರು ಹೊಳೆದಂಡೆಯಲ್ಲಿ

ನಮ್ಮಪ್ಪನ ಅಂಬಾಸಡರ್ ಕಾರಿನ ಟಾಪು ಈಗ ನಮ್ಮ ಹಿತ್ತಲಲ್ಲಿ ಕಟ್ಟಿಗೆ ಒಟ್ಟಿದ ಮೇಲೆ ಕೂತಿದೆ. ಎಂಥ ಮಳೆಗೂ ಹನಿ ನೀರು ಒಳಗೆ ಬಿಡುವುದಿಲ್ಲ. ಕಾರು ದಾಂಡೇಲಿಯಲ್ಲಿ, ಕಾಳಿ ಹೊಳೆಯ ದಂಡೆಯ ಒಂದು ರೆಸಾರ್ಟಿನಲ್ಲಿದೆ. ಎರಡನ್ನೂ ಬೇರೆ ಮಾಡಿದವನು ನನ್ನ ಅಣ್ಣ.

ನಾವು ಸಿದ್ದಿಗಳು, ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ. ಹಳಿಯಾಳ ತಾಲೂಕಿನ ಕಾಡಂಚಿನ ಸಣ್ಣ ಕೇರಿ ನಮ್ಮದು. ಅಪ್ಪ ಹಳಿಯಾಳದ ಸಾಹುಕಾರರೊಬ್ಬರ ಡ್ರೈವರ್ ಆಗಿದ್ದ. ಅವರ ಮನೆಗೆ ಹೊಸ ಕಾರು ಬಂದಾಗ ಹಳೆಯದನ್ನು ಸಂಬಳದಲ್ಲಿ ಮುರಿದುಕೊಂಡು ಅಪ್ಪನ ಹೆಸರಿಗೆ ಮಾಡಿಕೊಟ್ಟರು. ಕೇರಿಯಲ್ಲಿ ಮೊದಲ ಕಾರು ಅಪ್ಪನದು, ಮೊದಲ ಡಿಗ್ರಿ ನನ್ನದು. ಎರಡನ್ನೂ ಹೇಳಿಕೊಳ್ಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ. ಹೊಟ್ಟೆ ಕಟ್ಟಿ ಗಳಿಸಿದ್ದು.

ಬಸ್ಸು ಬಾರದ ಮಳೆಗಾಲದಲ್ಲಿ ಆ ಕಾರೇ ಎಲ್ಲದಕ್ಕೂ ಆಗುತ್ತಿತ್ತು. ಹೆರಿಗೆ ನೋವು ಎದ್ದವರು ಅದರಲ್ಲೇ ದಾಂಡೇಲಿ ಆಸ್ಪತ್ರೆಗೆ ಹೋಗುತ್ತಿದ್ದರು. ಜೋಯಿಡಾ ಕಡೆಯ ಕುಂಬಾರವಾಡಕ್ಕೆ ದಿಬ್ಬಣ ಹೋಗಿದ್ದು, ಮುಂಡಗೋಡ ಕಡೆಯ ಪಾಳಾಕ್ಕೆ ಬೀಗರನ್ನು ಬಿಟ್ಟು ಬಂದದ್ದು, ಪರೀಕ್ಷೆಗೆ ನಾನು ಒದ್ದೆಯಾಗದೆ ಹಳಿಯಾಳ ಮುಟ್ಟಿದ್ದು, ಎಲ್ಲವೂ ಅದೇ ಕಾರಿನಲ್ಲಿ.

ಮನೆಯಲ್ಲಿ ಒಬ್ಬರಿಗೆ ಮಾತ್ರ ಓದಲು ಸಾಧ್ಯವಿತ್ತು. ತಂಗಿಯಾದ ನಾನು ಓದಿದೆ. ಅಣ್ಣ ಶಾಲೆ ಬಿಟ್ಟು ಹೆಂಚು ಕೈಯಾಡಿಸುವ ಕೆಲಸ ಹಿಡಿದ. ಮಳೆಗೆ ಮುಂಚೆ ಊರೂರು ತಿರುಗಿ, ಮನೆಯ ಹೆಂಚನ್ನೆಲ್ಲ ಇಳಿಸಿ, ಒಡಕು ತೆಗೆದು, ಮತ್ತೆ ಹೊಂದಿಸಿಡುವ ಕೆಲಸ ಅದು. ಅಪ್ಪ ತೀರಿಕೊಂಡ ಮೇಲೆ ಕಾರು ಅವನ ಕೈಗೆ ಬಂತು. ಆ ಹೊತ್ತಿಗೆ ಎಲ್ಲರ ಮನೆ ಮುಂದೆ ಬೈಕುಗಳು ನಿಂತಿದ್ದವು, ದಾರಿಗೆ ಟಂಟಂ ರಿಕ್ಷಾಗಳು ಬಂದಿದ್ದವು. ಹಳೆ ಕಾರಿಗೆ ಕೈ ಮಾಡುವವರು ಕಡಿಮೆಯಾದರು.

ಆಗಲೇ ರೆಸಾರ್ಟಿನ ಮ್ಯಾನೇಜರು ಅವನಿಗೆ ಗಂಟು ಬಿದ್ದದ್ದು. ಹಳೆ ಕಾಲದ ಕಾರು, ಮೇಲೆ ತೆರೆದಿರಬೇಕು, ಬಂದವರು ಅದರಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಅಂಥ ಗಾಡಿ ತಂದರೆ ಡ್ರೈವರ್ ಕೆಲಸ ಕಾಯಂ ಎಂದನಂತೆ. ಅಣ್ಣನಿಗೆ ಅಷ್ಟೇ ಸಾಕಾಯಿತು.

ನಮ್ಮಲ್ಲಿ ಹಿರಿಯರನ್ನು ಕೇಳದೆ ದೊಡ್ಡ ಕೆಲಸಕ್ಕೆ ಕೈ ಹಾಕುವುದಿಲ್ಲ. ಹಿರಿಯರೆಂದರೆ ತೀರಿಹೋದವರು. ಅವ್ವನ ಮಾತಿಗೆ ಅಣ್ಣ ಕಾರಿನ ಟಾಪಿನ ಮೇಲೆ ತೆಂಗಿನಕಾಯಿ ಇಟ್ಟು, ಲೋಬಾನ ಹಾಕಿ, ಕೈಮುಗಿದು ಅಪ್ಪನನ್ನು ಕೇಳಿದ. ಹೊಗೆ ಏಳುತ್ತಿತ್ತು, ಕಾಯಿ ಇಟ್ಟಲ್ಲೇ ಇತ್ತು. ಅಪ್ಪ ಏನಂದ ಎಂದು ಅವ್ವ ಕೇಳಿದಳು.

"ಇದ್ದಾಗರ ಯಾವಾಗ ಬಾಯಿ ಬಿಟ್ಟಿದ್ದ?" ಎಂದ ಅಣ್ಣ. ಅವ್ವನೂ ನಕ್ಕಳು. ಅದನ್ನೇ ಒಪ್ಪಿಗೆ ಎಂದುಕೊಂಡರು.

ಅಂಬೇವಾಡಿಯಲ್ಲಿ ಟ್ರ್ಯಾಕ್ಟರ್ ಟ್ರೇಲರು, ಗೇಟು ಮಾಡುವವನೊಬ್ಬನ ವೆಲ್ಡಿಂಗ್ ಶೆಡ್ಡಿನಲ್ಲಿ ಟಾಪು ಕೊಯ್ದರು. ಟಾಪು ತೆಗೆದರೆ ಗಾಡಿ ಗಟ್ಟಿ ಉಳಿಯುತ್ತದೆಯೇ ಎಂದು ಅವನೂ ಒಮ್ಮೆ ಕೇಳಿದ. ಅದಕ್ಕೆ ಅಣ್ಣ ಹೇಳಿದ್ದು ಹೆಂಚಿನವನ ಉತ್ತರ: "ಹೆಂಚ ಇಳಸಿದ್ರ ಗ್ವಾಡಿ ಬೀಳ್ತೈತೇನು? ಭಾರ ಹೋಗಿ ಗ್ವಾಡಿಗೆ ಹಗರ ಆಕ್ಕೈತಿ." ನಮಗೆಲ್ಲ ಅದು ಸರಿಯೆನಿಸಿತು. ವರ್ಷಾ ವರ್ಷಾ ಕಣ್ಣಾರೆ ಕಂಡ ಮಾತು. ಕಟರ್ ಕಿಡಿ ಉಗುಳುತ್ತ ಕಿಟಕಿಗಳ ನಡುವಿನ ಕಂಬಗಳನ್ನು ಒಂದೊಂದಾಗಿ ಕತ್ತರಿಸಿತು. ಮಂದಿ ಸೇರಿ ಟಾಪನ್ನು ಗಡಿಗೆಯ ಮುಚ್ಚಳದ ಹಾಗೆ ಎತ್ತಿ ಕೆಳಗಿಟ್ಟರು.

ಖಾಲಿ ಕಾರು ಚೆನ್ನಾಗಿಯೇ ಓಡಿತು. ಕೇರಿಗೆ ತಂದಾಗ ಎಲ್ಲರೂ ಹತ್ತಿ ಕೂತರು. ಒಂದು ಸುತ್ತು ಹೊಡೆದು ಇಳಿಯಲು ಹೋದರೆ ಹಿಂದಿನ ಬಾಗಿಲು ತೆರೆಯಲಿಲ್ಲ. ನಡು ಜಗ್ಗಿತ್ತು, ಬಾಗಿಲುಗಳು ಚೌಕಟ್ಟಿನಲ್ಲಿ ಕಚ್ಚಿಕೊಂಡಿದ್ದವು. ಮನೆಯಲ್ಲಿ ಗೋಡೆ ಸೂರನ್ನು ಹೊರುತ್ತದೆ. ಈ ಕಾರಿನಲ್ಲಿ ಸೂರೇ ಗೋಡೆಗಳನ್ನು ಹಿಡಿದಿತ್ತು. ಮತ್ತೆ ಅಂಬೇವಾಡಿಗೆ ಹೋಗಿ, ಅಡಿಯಲ್ಲಿ ದಪ್ಪ ಕಬ್ಬಿಣದ ಪಟ್ಟಿ ಕೊಟ್ಟು, ಹಿಂದಿನ ಬಾಗಿಲುಗಳನ್ನು ಕಾಯಂ ಬೆಸೆದುಬಿಟ್ಟರು. ಹಿಂದೆ ಕೂರುವವರು ಕಾಲೆತ್ತಿ ದಾಟಿ ಹತ್ತಬೇಕು. ಬಸುರಿ ಹೆಂಗಸು ಹೇಗೆ ಹತ್ತುತ್ತಾಳೆ ಎಂದು ಅವ್ವ ಕೇಳಿದಳು. ಹಳಿಯಾಳ ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿ, ಇನ್ನೊಮ್ಮೆ ಇದು ಡಾಂಬರಿನ ಮೇಲೆ ಕಂಡರೆ ಜಪ್ತಿ ಎಂದರು. ಇನ್ನು ಆ ಕಾರಿಗೆ ಉಳಿದದ್ದು ರೆಸಾರ್ಟಿನ ಗೇಟಿನೊಳಗಿನ ದಾರಿ ಮಾತ್ರ.

ಕಾರನ್ನು ರೆಸಾರ್ಟಿಗೆ ಒಪ್ಪಿಸುವ ದಿನ ಅಣ್ಣ ಇಸ್ತ್ರಿ ಅಂಗಿ ಹಾಕಿದ್ದ. ಕಾಡುದಾರಿಯಲ್ಲಿ ನಾನೂ ಜೊತೆಗೆ ಹೋದೆ. ಮ್ಯಾನೇಜರು ಕಾರಿನ ಸುತ್ತ ತಿರುಗಿ, ತಟ್ಟಿ ನೋಡಿ, ಬಹಳ ಖುಷಿಪಟ್ಟ. ಆಮೇಲೆ ಒಳಗಿನಿಂದ ಒಂದು ಚೀಲ ತರಿಸಿದ. ಪ್ಲಾಸ್ಟಿಕ್ ಎಲೆಯ ಲಂಗ, ಮಣಿಸರ, ಬಿಳಿ ಬಣ್ಣದ ಡಬ್ಬಿ. ಕಾರಿಗೆ 'ಆಫ್ರಿಕನ್ ಸಫಾರಿ' ಎಂದು ಬೋರ್ಡು ಬರೆಸಿ ಆಗಿತ್ತು.

"ಇದನ್ನ ಉಟ್ಕೊಂಡು ಗಾಡಿ ಹೊಡದು, ಸಂಜೀಕ ಮಂದಿ ಮುಂದ ಒಂದೀಟು ಕುಣದ್ರ ಆತು. ಅಂಗಿ ಅಷ್ಟ ತಗೀಬೇಕಾಕ್ಕೈತ್ರೀ," ಎಂದ ಅಣ್ಣನಿಗೆ, ಬಹಳ ಮರ್ಯಾದೆಯಿಂದ.

ನಮ್ಮ ಅಜ್ಜ ಧೋತರ ಉಟ್ಟವನು, ಎಲೆ ಉಟ್ಟವನಲ್ಲ ಎಂದೆ. ನಮ್ಮದೂ ಕುಣಿತವಿದೆ, ಡಮಾಮಿ ಬಾರಿಸುತ್ತೇವೆ, ಆದರೆ ನಮ್ಮ ಖುಷಿಗೆ, ನಮ್ಮ ಬಟ್ಟೆಯಲ್ಲಿ ಎಂದೆ. ನಾನು ಬಿ.ಎಡ್. ಮಾಡಿದವಳೆಂದೂ ಹೇಳಿದೆ, ಕೇಳಲಿ ಎಂದೇ.

"ಛಲೋ ಆತಲ್ರೀ ಮೇಡಮ್ಮರ. ಸಂಜೀಕ ನೀವೂ ಬರ್ರಿ. ಅವರು ಕುಣಿಯೂ ಮುಂದ ಇಂಗ್ಲಿಷಿನ್ಯಾಗ ಎರಡ ಮಾತ ಹೇಳೀರಂತ."

ಅವನು ಚೇಷ್ಟೆ ಮಾಡುತ್ತಿರಲಿಲ್ಲ. ನಿಜವಾಗಿ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದ. ಬೈಯುವವನಾದರೆ ತಿರುಗಿ ಬೈದು ಬರಬಹುದಿತ್ತು.

"ನಡಿ ಅಣ್ಣಾ, ಹೋಗೂಣು," ಎಂದೆ.

ಅಣ್ಣ ಸ್ಟಿಯರಿಂಗ್ ಹಿಡಿದೇ ಕೂತಿದ್ದ. "ಎಲ್ಲಿಗಿ ಹೋಗೂದು ತಂಗೀ? ಟಾಪ್ ಇಲ್ಲದ ಗಾಡಿ ತಗೊಂಡು ಎಲ್ಲಿಗಿ ಹೋಗ್ಲಿ, ನೀನ ಹೇಳು."

ನಾನು ಬಸ್ಸು ಹಿಡಿದು ಬಂದೆ. ಅವನು ಉಳಿದ.

ನಾನು ಹಳಿಯಾಳದ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಎಂದರೆ ಯಾವಾಗ ಬೇಕಾದರೂ ಹೋಗು ಎನ್ನಬಹುದಾದವಳು. ರಜೆ ಮುಗಿದ ಮೇಲೆ ಜೊತೆಯ ಶಿಕ್ಷಕಿಯೊಬ್ಬರು ದಾಂಡೇಲಿಗೆ ಹೋಗಿಬಂದ ಫೋಟೊಗಳನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದರು. ತೆರೆದ ಕಾರಿನಲ್ಲಿ ಅವರ ಮಕ್ಕಳು, ಮುಂದೆ ಎಲೆಯ ಲಂಗದ ಡ್ರೈವರ್, ಮುಖಕ್ಕೆ ಬಿಳಿ ಪಟ್ಟಿ. ಅವನು ನಮ್ಮಣ್ಣ ಎಂದೆ. ಅವರು ಒಮ್ಮೆ ಫೋಟೊ, ಒಮ್ಮೆ ನನ್ನ ಮುಖ ನೋಡಿದರು. "ಹೌದೇನ್ರೀ? ಗೊತ್ತ ಆಗಂಗಿಲ್ಲ ನೋಡ್ರಿ," ಎಂದು ಮುಂದಿನ ಫೋಟೊಗೆ ಹೋದರು.

ದಸರೆಯ ಮಾನೌಮಿಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಬದುಕಿದ್ದಾಗ ಇಷ್ಟಪಟ್ಟದ್ದನ್ನೇ ಬಡಿಸುತ್ತೇವೆ, ಇಷ್ಟಪಟ್ಟ ಜಾಗದಲ್ಲೇ. ಅಪ್ಪನ ಎಡೆ ಕಾರಿನಲ್ಲಿ, ಡ್ರೈವರ್ ಸೀಟಿನ ಮೇಲೆ. ಅವನು ತೀರಿಕೊಂಡ ವರ್ಷದಿಂದ ಹಾಗೇ ನಡೆದಿತ್ತು. ಈ ಸಲ ಪೂಜೆಗೆಂದು ಅಣ್ಣ ಬೆಳಗಿನಲ್ಲಿ ಕಾಡುದಾರಿ ಹಿಡಿದು ಕಾರನ್ನು ಮನೆಗೆ ತಂದ. ಬೋರ್ಡು ಬಿಚ್ಚಿಟ್ಟು ಬಂದಿದ್ದ. ಕಿವಿಯ ಹಿಂದೆ ಬಿಳಿ ಬಣ್ಣ ಇನ್ನೂ ಇತ್ತು. ಕಾರು ತೊಳೆದ, ಚೆಂಡು ಹೂ ಕಟ್ಟಿದ, ಗಾಲಿಗೆ ನಿಂಬೆಹಣ್ಣು ಇಟ್ಟ. ಅವ್ವ ಎಲೆಯ ಮೇಲೆ ಅನ್ನ, ಕೋಳಿ ಸಾರು, ಪಕ್ಕದಲ್ಲಿ ಒಂದು ಬೀಡಿ ಇಟ್ಟುಕೊಂಡು ಬಂದು ಮುಂದಿನ ಬಾಗಿಲಿಗೆ ಕೈ ಹಾಕಿದಳು.

ಅಣ್ಣ ಬಾಗಿಲಿಗೆ ಅಡ್ಡ ನಿಂತ. "ಅಲ್ಲಿ ಬ್ಯಾಡವ್ವಾ."

ಯಾಕೆ ಎಂದು ಅವ್ವ ಕೇಳಿದಳು. ಪ್ರತಿ ವರ್ಷ ಅಲ್ಲೇ ತಾನೆ.

"ಅಪ್ಪ ಅಲ್ಲಿ ಕುಂದ್ರೂದು ಬ್ಯಾಡ."

ಎಲೆಯನ್ನು ಅವಳ ಕೈಯಿಂದ ತೆಗೆದುಕೊಂಡು ಹಿತ್ತಲಿಗೆ ನಡೆದ. ಒಟ್ಟಿದ ಕಟ್ಟಿಗೆಯಲ್ಲಿ ಒಂದಷ್ಟು ಸರಿಸಿ ಜಾಗ ಮಾಡಿದ. ಟಾಪಿನ ಅಡಿಯಲ್ಲಿ ಎಡೆ ಇಟ್ಟು, ಬೀಡಿ ಹಚ್ಚಿ ಪಕ್ಕಕ್ಕಿಟ್ಟ. ನಾವು ಮೂವರೂ ಅಲ್ಲೇ ಅಡ್ಡಬಿದ್ದೆವು. ಈ ಸಲ ಅವನು ಅಪ್ಪನನ್ನು ಏನೂ ಕೇಳಲಿಲ್ಲ.

ಊಟಕ್ಕೆ ಕೂರುವ ಮುಂಚೆಯೇ ಅವನಿಗೆ ರೆಸಾರ್ಟಿನಿಂದ ಫೋನ್ ಬಂತು. ಮಂದಿ ಬಂದಿದ್ದಾರಂತೆ. ಅವನು ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡು ಕಾರು ಹತ್ತಿದ.