ರವಿವಾರದ ಎರಡು ಬಾಗಿಲಿನ ಕಾರು

ನಮ್ಮ ಕಡೆ ‘ಸುಮ್ಮನೆ’ ಎಂಬ ಮಾತನ್ನು ಯಾರೂ ನಂಬುವುದಿಲ್ಲ. ಎಲ್ಲಿಗೆ ಹೊರಟಿರಿ ಎಂದರೆ ಬ್ಯಾಂಕಿಗೆ, ಬೀಗರ ಮನೆಗೆ, ಹೊಲಕ್ಕೆ ಎಂದು ಏನಾದರೊಂದು ಹೇಳಲೇಬೇಕು. ಸುಮ್ಮನೆ ಹೊರಟಿದ್ದೇನೆ ಎಂದರೆ ಕೇಳಿದವನು ಮುಖ ನೋಡಿ ನಗುತ್ತಾನೆ, ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಾನೆ, ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ. ನಾನೂ ನಂಬಿದವನಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವನು ನಂಬಲು ಶುರು ಮಾಡಿದರೆ ಅಂಗಡಿ ಮುಚ್ಚಬೇಕಾಗುತ್ತದೆ. ಚೀಲದ ಬಾಯಿ ಬಿಚ್ಚಿದಾಗ ಮೇಲೆ ಕಾಣುವ ಕಾಯಿ ಯಾವಾಗಲೂ ಚಂದವೇ. ಮೊಣಕೈ ಮುಳುಗುವ ತನಕ ಕೈ ಇಳಿಸಿ, ತಳದ ಕಾಯಿ ಎಳೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಬೀಜದ ಸಪ್ಪಳ ಕೇಳಿದ ಮೇಲೆಯೇ ನಮ್ಮಲ್ಲಿ ಮಾತು ಶುರುವಾಗುವುದು. ಸಪ್ಪಳ ಬರಲಿಲ್ಲವೆಂದರೆ ಕಾಯಿ ಹಸಿ, ತೂಕ ಸುಳ್ಳು.

ಇಂಥವನು ಐವತ್ತು ದಾಟಿದ ಮೇಲೆ ಹಾವೇರಿಗೆ ಹೋಗಿ ಎರಡೇ ಬಾಗಿಲಿನ ಕಾರು ಕೊಂಡು ತಂದೆ ಎಂದರೆ ಯಾರು ಸುಮ್ಮನಿರುತ್ತಾರೆ.

ಮಾರುತ್ತಿದ್ದವರು ಒಬ್ಬ ಡಾಕ್ಟರು. ಹೊರದೇಶದಲ್ಲಿದ್ದು ವಾಪಸಾಗುವಾಗ ಹಡಗಿನಲ್ಲಿ ತರಿಸಿದ ಕಾರು. ತಗ್ಗಾಗಿ, ಉದ್ದ ಮೂತಿ ಚಾಚಿಕೊಂಡು, ಹಿಂದೆ ಇಳಿಜಾರು ಬೆನ್ನು ಮಾಡಿಕೊಂಡು ಅವರ ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ನಾನು ಹೋಗಿದ್ದು ಬೇರೆ ಕೆಲಸಕ್ಕೆ, ಮಂಡಿನೋವು ತೋರಿಸಲು. ಕಿಟಕಿಯಿಂದ ಅದು ಕಂಡಿತು. ಮಂಡಿ ಮರೆತೆ.

ಡಾಕ್ಟರು ಚಹಾ ತರಿಸಿದರು, ಜೊತೆಗೆ ಪೇಢೆಯನ್ನೂ ತರಿಸಿದರು. ಮಾರುವವನು ಪೇಢೆ ಕೊಟ್ಟರೆ ನನಗೆ ಮೊದಲು ಸಂಶಯ ಬರುತ್ತದೆ. ಯಾಕೆ ಮಾರುತ್ತೀರಿ ಎಂದೆ. “ಮನ್ಯಾಗ ಬ್ಯಾಡ ಅಂತಾರ್ರೀ” ಎಂದರು. ಈ ಮಾತನ್ನು ನಂಬಲು ನಾನೇನು ನಿನ್ನೆ ಹುಟ್ಟಿದವನೇ? ಎಲ್ಲೋ ಗುದ್ದಿರಬೇಕು, ನೀರಿನಲ್ಲಿ ಮುಳುಗಿರಬೇಕು ಎಂದುಕೊಂಡು ಕಾಲಡಿಯ ಕಾರ್ಪೆಟ್ಟು ಎತ್ತಿ, ಅದರ ಕೆಳಗೆ ಕೈ ತೂರಿಸಿ, ಬೆರಳು ಮೂಸಿ ನೋಡತೊಡಗಿದೆ.

“ಏನ್ ಹುಡಕಾಕತ್ತೀರಿ?” ಡಾಕ್ಟರು ಕೇಳಿದರು.

“ತಳಾ ನೋಡಾಕತ್ತೇನ್ರಿ” ಎಂದೆ.

ತಳ ಒಣಗಿಯೇ ಇತ್ತು. ಅದೇ ನನ್ನನ್ನು ಇನ್ನಷ್ಟು ಚಿಂತೆಗೆ ಹಚ್ಚಿತು. ಮತ್ತೆ ಎರಡು ಸಲ ಹೋಗಿ ನೋಡಿದೆ, ಕಾರಿನ ಗೊಡವೆಯೇ ಇಲ್ಲದವನಂತೆ ಆಸ್ಪತ್ರೆಯ ಕಾಂಪೌಂಡರನನ್ನು ಮಾತಿಗೆಳೆದೆ. ಏನೂ ಸಿಗಲಿಲ್ಲ. ಕೊಂಡೆ.

ನಮ್ಮ ಮನೆಯಿರುವ ರಾಣೆಬೆನ್ನೂರಿನ ಓಣಿಗೆ ಕಾರು ಬಂದು ನಿಂತಾಗ ಮೊದಲು ಬಂದವನು ನನ್ನ ತಮ್ಮನ ಮಗ. ಮೊಬೈಲಿನಲ್ಲಿ ಕಾರುಗಳ ವಿಡಿಯೋ ನೋಡಿ ನೋಡಿ ತನ್ನನ್ನು ಪಂಡಿತ ಎಂದುಕೊಂಡವನು. ಬಗ್ಗಿ ಕೆಳಗೆ ನೋಡಿದ, ಎದ್ದು ಕೈ ಝಾಡಿಸಿದ. “ಇದು ಮುಂದಿನ ಗಾಲಿಗೆ ಜೋರು ಕೊಡೋ ಗಾಡಿ, ದೊಡ್ಡಪ್ಪ. ಖರೇ ಸ್ಪೋರ್ಟ್ಸ್ ಕಾರು ಅಂದ್ರ ಹಿಂದಿನ ಗಾಲಿ ನೂಕಬೇಕು. ಇದು ಮನಿ ಕಾರಿಗೆ ಚಂದದ ಅಂಗಿ ತೊಡಿಸಿದಂಗ ಐತಿ.” ನನಗೆ ಮೈಯೆಲ್ಲ ಉರಿಯಿತು. ನಮ್ಮೂರಲ್ಲಿ ಎತ್ತನ್ನು ಚಕ್ಕಡಿಯ ಹಿಂದೆ ಕಟ್ಟಿದ್ದನ್ನು ಯಾವಾಗ ನೋಡಿದ್ದೀಯೋ ಮಗನೇ ಎಂದು ಬೈದು ಕಳಿಸಿದೆ.

ಖರೇ ಹೇಳಬೇಕೆಂದರೆ ಆ ಕಾರನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಶ್ರೀಮಂತರಿಗೆ ಅದು ಸಣ್ಣದು, ಸಂಸಾರಸ್ಥರಿಗೆ ಇಕ್ಕಟ್ಟು, ಹುಡುಗರಿಗೆ ಸುಳ್ಳು ಸ್ಪೋರ್ಟ್ಸು. ಹಿಂದಿನ ಸೀಟು ಇತ್ತು, ಆದರೆ ಅಲ್ಲಿ ಕುಳಿತವನ ಮೊಣಕಾಲು ಅವನ ಗದ್ದಕ್ಕೆ ತಾಗುತ್ತಿತ್ತು. ರೋಡ್ ಹಂಪು ಬಂದರೆ ಹೊಟ್ಟೆ ಉಜ್ಜುತ್ತಿತ್ತು. ಹಾವೇರಿ ರಸ್ತೆಯ ಎಲ್ಲ ಹಂಪುಗಳನ್ನೂ ನಾನು ಓರೆಯಾಗಿ ದಾಟುತ್ತಿದ್ದೆ, ಹಿಂದಿನ ಲಾರಿಯವರು ನನ್ನ ಹಿರಿಯರನ್ನೆಲ್ಲ ನೆನೆಯುತ್ತಿದ್ದರು. ಆದರೆ ಮೇಡ್ಲೇರಿ ಕಡೆಯ ರಸ್ತೆಯಲ್ಲಿ, ಎರಡೂ ಬದಿಗೆ ನೀರಾವರಿ ಗದ್ದೆ ಇರುವಲ್ಲಿ, ಒಂದಾದ ಮೇಲೊಂದು ತಿರುವುಗಳು ಬರುತ್ತವೆ. ಅಲ್ಲಿ ಸ್ಟೇರಿಂಗ್ ತಿರುಗಿಸಿ ಕಾಲು ಸ್ವಲ್ಪ ಒತ್ತಿದರೆ ಮುಂದಿನ ಗಾಲಿಗಳು ಮೂತಿಯನ್ನು ತಿರುವಿನೊಳಕ್ಕೆ ಎಳೆದುಕೊಂಡು ಹೋಗುತ್ತಿದ್ದವು. ಮಳೆಯಲ್ಲಿ ಕೂಡ ಜಾರುತ್ತಿರಲಿಲ್ಲ. ಗೇರು ಬೆರಳ ತುದಿಯಲ್ಲಿ ಬೀಳುತ್ತಿತ್ತು. ಇಂಜಿನ್ನು ಮೊದಲು ಮಂಕಾಗಿ, ಕೂಗಿಸಿದಂತೆಲ್ಲ ಹುರುಪಾಗಿ, ಕೊನೆಗೆ ಒಂದು ಥರ ಹಾಡುವಂತೆ ಆಗುತ್ತಿತ್ತು. ನನಗೆ ಅಷ್ಟು ಸಂತೋಷ ಬೇರೆ ಯಾವುದರಿಂದಲೂ ಸಿಕ್ಕಿರಲಿಲ್ಲ. ಇದನ್ನು ಯಾರಿಗೆ ಹೇಳಲಿ? ಹೇಳಿದರೆ ಹುಚ್ಚು ಹಿಡಿದಿದೆ ಎನ್ನುತ್ತಾರೆ.

ಹೀಗೆ ರವಿವಾರ ಬೆಳಿಗ್ಗೆ ಒಬ್ಬನೇ ಹೋಗುವುದು ರೂಢಿಯಾಯಿತು. ರಾಣೆಬೆನ್ನೂರು ಬಿಟ್ಟು ಮೇಡ್ಲೇರಿ, ಅಲ್ಲಿಂದ ಐರಣಿಯ ಹೊಳೆ ದಂಡೆ. ತುಂಗಭದ್ರೆಯ ಎದುರು ಸ್ವಲ್ಪ ಹೊತ್ತು ಕೂತು, ಬಂದ ದಾರಿಯಲ್ಲೇ ವಾಪಸು.

“ಎಲ್ಲಿಗೆ ಹೊಂಟೀರಿ?” ಮೊದಲ ವಾರ ಹೆಂಡತಿ ಕೇಳಿದಳು.

“ಸುಮ್ನ. ಒಂದ್ ರೌಂಡ್ ಹಾಕ್ಕೊಂಡ ಬರ್ತೀನಿ.”

ಎರಡನೇ ವಾರ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ವಾರ ಅವಳು ಪ್ರಶ್ನೆ ಬದಲಿಸಿದಳು. “ಎರಡ ಬಾಗಲದ ಗಾಡಿ. ಒಂದ ಬಾಗಲದಾಗ ನೀವು ಹತ್ತತೀರಿ. ಇನ್ನೊಂದರಾಗ ಯಾರ ಹತ್ತತಾರ?”

ನನಗೆ ನಗು ಬಂತು. ನಕ್ಕಿದ್ದೇ ತಪ್ಪಾಯಿತು. ಅವಳ ಮುಖ ಗಂಟಾಯಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ನನ್ನ ಹೆಂಡತಿ ನನ್ನ ಮೇಲೆ ಹೆಣ್ಣಿನ ಸಂಶಯ ಪಟ್ಟಿದ್ದಳು. ಅಂದಿನಿಂದ ನಾನು ಬರುವುದನ್ನೇ ಕಾದಿದ್ದು, ಕಾರಿನ ಎಡ ಸೀಟಿಗೆ ಬಗ್ಗಿ ಮೂಸುವಳು, ಸೀಟಿನ ಸಂದಿಯಲ್ಲಿ ಬೆರಳಾಡಿಸುವಳು. ಶನಿವಾರ ಸಂಜೆ ಆ ಸೀಟನ್ನು ಪೂರಾ ಮುಂದಕ್ಕೆ ಸರಿಸಿಟ್ಟು, ರವಿವಾರ ಮಧ್ಯಾಹ್ನ ಅದು ಹಾಗೇ ಇದೆಯೇ ಎಂದು ನೋಡುವಳು. ಹಾಗೇ ಇದ್ದರೆ, ಬಂದಾಕೆ ಬಲು ಜಾಣೆ, ಇಳಿಯುವಾಗ ಮತ್ತೆ ಸರಿಸಿಟ್ಟು ಹೋಗಿದ್ದಾಳೆ ಎನ್ನುವಳು. ಇದಕ್ಕೆ ಏನು ಉತ್ತರ ಕೊಡುತ್ತೀರಿ? ಊಟಕ್ಕೆ ಬಡಿಸುವಾಗ ರೊಟ್ಟಿ ತಾಟಿಗೆ ಇಡುತ್ತಿರಲಿಲ್ಲ, ಒಗೆಯುತ್ತಿದ್ದಳು. ರಾತ್ರಿ ಹಾಸಿಗೆಯನ್ನು ದೇವರ ಕೋಣೆಯ ಬಾಗಿಲಿಗೆ ಹಾಸಿಕೊಳ್ಳತೊಡಗಿದಳು.

ನನಗೆ ಭಯವಾಯಿತು. ಸಂಶಯ ಎಂಬುದು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಇವಳು ತವರಿಗೆ ಹೊರಟುಬಿಟ್ಟರೆ ಏನು ಗತಿ ಎಂದು ನಿದ್ದೆ ಬರಲಿಲ್ಲ. ಖರೇ ಹೇಳಿದರೆ ನಂಬುತ್ತಿಲ್ಲ, ಅದಕ್ಕೇ ನಂಬುವಂಥ ಸುಳ್ಳು ಹೇಳೋಣ ಎಂದು ತೀರ್ಮಾನಿಸಿದೆ.

ದಲಾಲಿಯ ತಲೆಗೆ ಬರುವ ಸುಳ್ಳು ಇನ್ನೆಂಥದು? ಮೇಡ್ಲೇರಿಯಲ್ಲಿ ಒಬ್ಬ ರೈತ ಹಳೆಯ ಕಾಯಿ ಮನೆಯಲ್ಲೇ ಹಿಡಿದಿಟ್ಟುಕೊಂಡಿದ್ದಾನೆ, ಬೇರೆಯವರ ಕಿವಿಗೆ ಬೀಳುವ ಮೊದಲು ಅವನನ್ನು ಒಲಿಸಲು ವಾರವಾರ ಹೋಗುತ್ತಿದ್ದೇನೆ ಎಂದೆ. ಪುರಾವೆ ಬೇಕಲ್ಲ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ನಮ್ಮದೇ ಮಾಲು ಇತ್ತು. ಶನಿವಾರ ಅಲ್ಲಿಂದ ಒಂದು ಬೊಗಸೆ ಕಾಯಿ ತೆಗೆಸಿ, ಪೇಪರಿನಲ್ಲಿ ಸುತ್ತಿ, ಕಾರಿನಲ್ಲಿ ಬಚ್ಚಿಟ್ಟಿದ್ದೆ. ರವಿವಾರ ವಾಪಸು ಬಂದವನೇ ಜಂಬದಿಂದ ಅಡುಗೆಮನೆಯ ಕಟ್ಟೆಯ ಮೇಲೆ ಪೊಟ್ಟಣ ಬಿಚ್ಚಿದೆ. “ನೋಡ್, ಸ್ಯಾಂಪಲ್. ಆ ರೈತನ ಮನ್ಯಾಗಿಂದ.”

ನನ್ನ ಹೆಂಡತಿ ಮೆಣಸಿನಕಾಯಿ ಬೆಳೆಯುವ ಮನೆಯ ಮಗಳು. ಇದನ್ನು ನಾನು ಹೇಗೆ ಮರೆತೆನೋ. ಒಂದು ಕಾಯಿ ಎತ್ತಿಕೊಂಡಳು. ಕಿವಿಯ ಹತ್ತಿರ ಅಲ್ಲಾಡಿಸಿದಳು. ಬೆರಳಲ್ಲಿ ಬಾಗಿಸಿದಳು, ಅದು ಮುರಿಯದೆ ಚರ್ಮದ ಹಾಗೆ ಬಾಗಿತು. ಕೆನ್ನೆಗೆ ಒತ್ತಿಕೊಂಡು ನನ್ನ ಕಡೆ ನೋಡಿದಳು.

“ಇದು ಕೋಲ್ಡ್ ಸ್ಟೋರೇಜಿನ ಕಾಯಿ. ಮನ್ಯಾಗ ಇಟ್ಟ ಕಾಯಿ ಹಿಂಗ ಮೆತ್ತಗ ಇರೂದಿಲ್ಲ, ಬಣ್ಣಾನೂ ಹಿಂಗ ಉಳಿಯೂದಿಲ್ಲ. ನನಗ ಇದನ್ನ ತೋರಸ್ತೀರಿ?”

ಅವಳು ಕೂಗಾಡಲಿಲ್ಲ. ಕಾಯಿಗಳನ್ನೆಲ್ಲ ಮತ್ತೆ ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು. “ಸುಳ್ಳ ಹೇಳೂವಷ್ಟು ದೊಡ್ಡ ವಿಷಯ ಐತಿ ಅಂದಂಗಾತು. ಬರೂ ರವಿವಾರ ನಾನೂ ಬರ್ತೀನಿ. ಆಕಿ ಮನಿ ತೋರಸ್ರಿ. ತೋರಸಲಿಲ್ಲಂದ್ರ ಸೋಮವಾರ ನಾ ಇಲ್ಲಿ ಇರೂದಿಲ್ಲ.”

ಆ ವಾರವೆಲ್ಲ ನಾನು ಬ್ಯಾಡಗಿಯ ಅಂಗಡಿಯಲ್ಲಿ ಕೂತು ಹಮಾಲರ ಮೇಲೆ ಸಿಡಿಮಿಡಿಗೊಂಡೆ. ಇಲ್ಲದ ಮನೆಯನ್ನು ತೋರಿಸುವುದು ಹೇಗೆ? ಖಾಲಿ ದಂಡೆ ತೋರಿಸಿದರೆ, ಆಕೆಗೆ ಮೊದಲೇ ಫೋನ್ ಮಾಡಿ ಬರಬೇಡ ಎಂದಿದ್ದೀರಿ ಎನ್ನುತ್ತಾಳೆ. ಹೆಂಡತಿಯ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ.

ರವಿವಾರ ಬಂತು. ಅವಳು ಒಳ್ಳೆಯ ಇಳಕಲ್ ಸೀರೆ ಉಟ್ಟುಕೊಂಡು ಬಂದಳು, ಯಾರೆದುರಿಗೋ ಹೋಗಿ ನಿಲ್ಲಬೇಕಾದವರ ಹಾಗೆ. ಕಾರು ತಗ್ಗು, ಸೀರೆ ಹಿಡಿದುಕೊಂಡು ಒಳಗೆ ಇಳಿಯಲು ಒದ್ದಾಡಿದಳು. ಕೈ ಕೊಡಹೋದೆ, ಬೇಡವೆಂದಳು. ಹೊರಟೆವು. ಪ್ರತಿ ಊರಿನಲ್ಲೂ ಕಿಟಕಿಯಿಂದ ಹೊರಗೆ ಹೆಂಗಸರ ಮುಖ ನೋಡುತ್ತಿದ್ದಳು, ಯಾರಾದರೂ ನನ್ನನ್ನು ಗುರುತು ಹಿಡಿದು ನಕ್ಕಾರೇ ಎಂದು. ನಾನು ಹೆದರಿ ಮೆಲ್ಲಗೆ ಓಡಿಸುತ್ತಿದ್ದೆ.

“ಯಾವಾಗ್ಲೂ ಹಿಂಗ ಹೊಡೀತೀರೇನು? ಹೆಂಗ ಹೋಗ್ತೀರೋ ಹಂಗ ಹೋಗ್ರಿ” ಎಂದಳು.

ಮೇಡ್ಲೇರಿಯ ತಿರುವುಗಳು ಬಂದವು. ಕಾಲು ಒತ್ತಿದೆ. ಕಾರು ಎಂದಿನಂತೆ ಮೂತಿ ತಿರುಗಿಸಿ ಎಳೆದುಕೊಂಡು ಹೋಯಿತು. ಒಂದು ತಿರುವು, ಇನ್ನೊಂದು, ಇಂಜಿನ್ನು ಹಾಡತೊಡಗಿತು. ಪಕ್ಕದಲ್ಲಿ ಹೆಂಡತಿ ಇದ್ದಾಳೆ ಎಂಬುದೇ ನನಗೆ ಮರೆತುಹೋಯಿತು. ನನಗೇ ತಿಳಿಯದಂತೆ “ಶಭಾಷ್, ಶಭಾಷ್ ನನ್ನ ರಾಜಾ” ಎಂದು ಸ್ಟೇರಿಂಗ್ ತಟ್ಟಿದೆ. ತಿರುಗಿ ನೋಡಿದರೆ ಅವಳು ರಸ್ತೆ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಐರಣಿಯ ದಂಡೆಯಲ್ಲಿ ಇಳಿದೆವು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಎಮ್ಮೆ ಮೈ ತೊಳೆಯುತ್ತಿದ್ದ ಮುದುಕ ನನ್ನನ್ನು ಕಂಡು ಕೈಯೆತ್ತಿದ. “ಏನ್ ಸಾವಕಾರ್ರ, ಇವತ್ತ ಜೋಡಿ ಬಂದೀರಿ? ಯಾವಾಗ್ಲೂ ಒಬ್ಬರ ಬಂದ ಆ ಕಲ್ಲಿನ ಮ್ಯಾಲ ಕುಂತ ಹೋಗತಿದ್ರಿ. ಹೊಳಿಗೆ ಹಾರತಾರೇನೋ ಅಂತ ನಾ ಒಂದ ಕಣ್ಣ ಇಟ್ಟಿರತಿದ್ದೆ.”

ಹಾಲು ಕುಡಿದಷ್ಟು ಸಂತೋಷವಾಯಿತು. ಹೇಳಿಕೊಟ್ಟು ಕರೆಸಿದರೂ ಇಂಥ ಸಾಕ್ಷಿ ಸಿಗುತ್ತಿರಲಿಲ್ಲ. ನಾನು ಹೆಂಡತಿಯ ಕಡೆ ತಿರುಗಿ ಎದೆಯುಬ್ಬಿಸಿ ಕೇಳಿದೆ. “ಕೇಳಿದೇನು? ಈಗರ ನಂಬಿಕಿ ಬಂತೋ ಇಲ್ಲೋ?”

“ಬಂತು” ಎಂದಳು.

ಅವಳ ಧ್ವನಿಯಲ್ಲಿ ಸಮಾಧಾನ ಇರಲಿಲ್ಲ. ಕಲ್ಲಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿದಷ್ಟೂ ಕಣ್ಣಲ್ಲಿ ನೀರು ಬರುತ್ತಿತ್ತು. ನನಗೆ ತಲೆಬುಡ ತಿಳಿಯಲಿಲ್ಲ. ಇನ್ನು ಅಳುವುದು ಯಾಕೆ, ಯಾರೂ ಇಲ್ಲವೆಂದು ಗೊತ್ತಾಯಿತಲ್ಲ ಎಂದೆ.

“ಯಾರರ ಇದ್ದಿದ್ದರ ಚಲೋ ಇತ್ತು” ಎಂದಳು. “ಆಕಿ ಜೋಡಿ ಜಗಳಾ ಮಾಡತಿದ್ದೆ, ಬಿಡಸತಿದ್ದೆ. ಆ ತಿರುವಿನ್ಯಾಗ ನಿಮ್ಮ ಮಾರಿ ನೋಡಿದೆ. ಅಂಥಾ ಮಾರಿ ನಮ್ಮ ಮನ್ಯಾಗ ನಾ ಒಮ್ಮೆನೂ ನೋಡಿಲ್ಲ. ನಾವ್ಯಾರೂ ಇಲ್ಲದ ಕಡೆ ಬಂದು ನೀವು ಖುಷಿ ಆಗ್ತೀರಿ. ಇದಕ್ಕ ನಾ ಯಾರ ಜೋಡಿ ಜಗಳಾ ಮಾಡ್ಲಿ?”

ಸುಳ್ಳು ಎನ್ನಲು ಬಾಯಿ ತೆರೆದೆ, ಆದರೆ ಅದು ಸುಳ್ಳಾಗಿರಲಿಲ್ಲ. ಅಂಗಡಿ, ಹಮಾಲರು, ಬೀಗರು, ಮಕ್ಕಳು, ಎಲ್ಲರೂ ದಿನವಿಡೀ ನನ್ನಿಂದ ಏನಾದರೊಂದು ಕೇಳುತ್ತಲೇ ಇರುತ್ತಾರೆ, ಇಲ್ಲಿ ಯಾರೂ ಏನೂ ಕೇಳುವುದಿಲ್ಲ, ಅದಕ್ಕೇ ಬರುತ್ತೇನೆ ಎಂದೆ. ಅಷ್ಟು ಖರೇ ಮಾತನ್ನು ನಾನು ಅವಳಿಗೆ ಹೇಳಿದ್ದು ಅದೇ ಮೊದಲು.

ಅವಳು ಹೊಳೆಯ ಕಡೆಗೇ ನೋಡುತ್ತಿದ್ದಳು.

“ನನ್ನೂ ಕೇಳತಾರಲ್ರೀ ಎಲ್ಲಾರೂ” ಎಂದಳು. “ನೀವೂ ಕೇಳತೀರಿ. ನಾ ಎಲ್ಲಿಗೆ ಹೋಗ್ಲಿ?”

ಮುದುಕ ಎಮ್ಮೆ ಹೊಡೆದುಕೊಂಡು ದಂಡೆ ಹತ್ತಿದ. ಕಲ್ಲಿನ ಮೇಲೆ ಅವಳ ಪಕ್ಕ ಸ್ವಲ್ಪ ಜಾಗವಿತ್ತು, ಅಲ್ಲಿ ಕೂತೆ. ಅವಳು ಸರಿದು ಜಾಗ ಬಿಡಲಿಲ್ಲ, ಏಳಲೂ ಇಲ್ಲ.